ಅಮ್ಮನ ಹಲ್ಲು, ಮಗಳ ಕ್ಲಿನಿಕ್ಕು

ಪುಟ್ಟಿ,

ಟ್ಯಾಕ್ಸಿ ಬಂದಿದೆ. ನಿನ್ನನ್ನು ಎಬ್ಬಿಸಿ ಹೇಳುವ ಧೈರ್ಯ ಬರಲಿಲ್ಲ. ದೊಡ್ಡಮ್ಮನ ಜೊತೆ ಪರದೇಶ ನೋಡಲು ಹೋಗುತ್ತಿದ್ದೇನೆ ಎಂದಿದ್ದು ಸುಳ್ಳು. ಅಲ್ಲಿ ಉಳಿದ ಹಲ್ಲನ್ನೆಲ್ಲ ಕೀಳಿಸಿ, ಮೇಲೂ ಕೆಳಗೂ ಇಂಪ್ಲಾಂಟ್ ಹಲ್ಲು ಹಾಕಿಸಿಕೊಳ್ಳುತ್ತೇನೆ. ಅಪ್ಪನಿಗೆ ಗೊತ್ತು, ಅವರ ಮೇಲೆ ರೇಗಬೇಡ.

ಹಾಲು ಅರ್ಧ ಲೀಟರ್ ಸಾಕು ಎಂದು ಹೇಳು. ಅಪ್ಪನ ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿದೆ. ಕೊಟ್ಟರೆ ಸಾಲದು, ನುಂಗುವವರೆಗೂ ಎದುರಿಗೇ ನಿಂತಿರು.

ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವವಳ ತಾಯಿ ಹಲ್ಲಿಗಾಗಿ ವಿಮಾನ ಹತ್ತುವುದೇ ಎಂದು ನಿನಗೆ ಕೋಪ ಬರುತ್ತದೆ. ದೊಡ್ಡಮ್ಮನೂ "ದೀಪದ ಬುಡದಲ್ಲೇ ಕತ್ತಲು ಕಣೆ" ಅಂತ ನಕ್ಕಳು. ಅಲ್ಲಿ ಖರ್ಚು ಅರ್ಧಕ್ಕರ್ಧ ಕಡಿಮೆ ಎನ್ನುವುದು ನಿಜ. ಆದರೆ ಹೋಗುತ್ತಿರುವುದು ಅದೊಂದಕ್ಕೇ ಅಲ್ಲ. ನಿಮ್ಮ ಡಾಕ್ಟರು ನನ್ನ ಬಾಯೊಳಗೆ ಲೈಟು ಬಿಡುವಾಗ ಪಕ್ಕದಲ್ಲಿ ಟ್ರೇ ಹಿಡಿದು ನಿಲ್ಲುವವಳು ನೀನು. ದಿನವಿಡೀ ಊರಿನವರಿಗೆಲ್ಲ ಹಲ್ಲುಜ್ಜಲು ಹೇಳಿಕೊಡುವವಳು ನೀನು. ನೀನು ತಂದುಕೊಟ್ಟ ಬ್ರಶ್ಶುಗಳು ಕವರು ಕೂಡ ಬಿಚ್ಚದೆ ನನ್ನ ಬೀರುವಿನಲ್ಲಿವೆ. ನಿಮ್ಮ ಡಾಕ್ಟರೆದುರು ನಿನ್ನ ತಲೆ ತಗ್ಗುವುದನ್ನು ನೋಡಲಾರೆ. ಹೋಗುವ ಊರಿನಲ್ಲಿ ನಾನು ಯಾರ ಅಮ್ಮನೂ ಅಲ್ಲ.

ವಿಡಿಯೊ ಕಾಲ್ ಮಾತ್ರ ಮಾಡಬೇಡ. ನಾನೇ ಮೆಸೇಜ್ ಹಾಕುತ್ತೇನೆ.

ಹಿತ್ತಲ ಗಿಡಗಳಿಗೆ ನೀರು ಹಾಕು.

ನಾನು ಬಂದ ದಿನ ಬಾಗಿಲು ನೀನೇ ತೆಗೆ. ಇಷ್ಟು ವರ್ಷದ ಅಭ್ಯಾಸ, ಹೊಸ ಹಲ್ಲಿದ್ದರೂ ಬಾಯಿಗೆ ಕೈ ಅಡ್ಡ ಹಿಡಿದೇ ನಿಂತಿರುತ್ತೇನೆ. ಆ ಕೈಯನ್ನು ನೀನೇ ಕೆಳಗಿಳಿಸು.

ಅಮ್ಮ