ಪುಂಡಿಪಲ್ಲೆ ರುಚಿ ಹತ್ತಿದ್ದು

6 ಜುಲೈ 1986, ರವಿವಾರ

ಅಕ್ಷರ ಚಂದ ಇಲ್ಲ, ಕ್ಷಮಿಸಬೇಕು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಒತ್ತಕ್ಷರ ಎಲ್ಲಿ ಬರುತ್ತವೆ, ಎಲ್ಲಿ ಬರುವುದಿಲ್ಲ, ಈಗಲೂ ಗೊಂದಲ. ಯಾರೂ ಓದುವುದಿಲ್ಲ. ಆದರೂ ತಪ್ಪು ಕಂಡರೆ ನನಗೇ ನಾಚಿಕೆ.

ಇವತ್ತೂ ಪುಂಡಿಪಲ್ಲೆ. ಹೋದ ಮಳೆಗಾಲವೂ ಇದೇ ಆಗಿತ್ತು. ಅಳ್ನಾವರದ ನಮ್ಮ ಮನೆಯಲ್ಲಿ ಅನ್ನ, ಸಾರು, ಮಳೆ ಹಿಡಿದರೆ ಎಳೆ ಬಿದಿರಿನ ಕಳಲೆ. ಇಲ್ಲಿ ಯರಗುಪ್ಪಿಯಲ್ಲಿ ಎರಡೂ ಹೊತ್ತು ಜೋಳದ ರೊಟ್ಟಿ, ಹೊಲದ ಪುಂಡಿ. ಎಲೆಯನ್ನು ನುಚ್ಚಿನ ಜೊತೆ ಕುದಿಸಿ, ಹಸಿಮೆಣಸಿನಕಾಯಿ ಹಾಕಿ ತಿರುವಿ, ಬೆಳ್ಳುಳ್ಳಿ ಒಗ್ಗರಣೆ ಕೊಡುತ್ತಾರೆ. ಹಲ್ಲು ಚುಳ್ ಎನ್ನುವ ಹುಳಿ. ಮೇಲೆ ಲೋಳೆ. ನುಂಗುವಾಗ ಕಣ್ಣು ತಾನಾಗಿ ಮುಚ್ಚುತ್ತದೆ.

ಅತ್ತೆ ನೋಡಿಬಿಟ್ಟರು.

"ಯಾಕಬೇ, ವಿಷಾ ಕುಡದಂಗ ಮಾರಿ ಮಾಡ್ತಿ?"

"ಇಲ್ರೀ ಅತ್ತಿ... ಬಿಸಿ ಐತ್ರಿ."

"ಬಿಸಿ ಎಲ್ಲೈತಿ? ಮುಂಜಾನಿ ಮಾಡಿದ್ದು!"

ಊಟ ಮುಗಿಸಿ ಬಾಗಿಲಲ್ಲಿ ಕುಳಿತಿದ್ದ ಇವರು ನಕ್ಕರು. ಅತ್ತೆ ಇನ್ನೊಂದು ಸೌಟು ಹಾಕಿದರು. ನೀರು ಕುಡಿದು ಕುಡಿದು ನುಂಗಿದೆ.

17 ಆಗಸ್ಟ್, ರವಿವಾರ

ಪಂಚಮಿಗೆ ತವರಿಗೆ ಹೋಗಿ ನಿನ್ನೆ ಬಂದೆ. ಅವ್ವ ನನಗೆ ಸೇರುವುದನ್ನೇ ಮಾಡಿದಳು. ಆದರೆ ಎರಡು ದಿನಕ್ಕೇ ಅನ್ನ ಸಪ್ಪೆ ಅನಿಸಿತು. ಸಾರಿಗೆ ಇನ್ನಷ್ಟು ಹುಣಸೆಹಣ್ಣು ಹಿಂಡು ಅಂದೆ. ಹಿಂಡಿದಳು. ಆ ಹುಳಿ ಅಲ್ಲ... ಯಾವ ಹುಳಿ ಎಂದು ಹೇಳಲು ನಾಚಿಕೆಯಾಯಿತು.

ಹುಬ್ಬಳ್ಳಿಯಲ್ಲಿ ಬಸ್ಸಿಗೆ ಕಾಯುವಾಗಲೇ ಬಾಯಲ್ಲಿ ನೀರು. ಮನೆಗೆ ಬಂದವಳು ಕೈಕಾಲು ತೊಳೆದು ಪುಂಡಿಪಲ್ಲೆಯಲ್ಲಿ ಎರಡು ರೊಟ್ಟಿ ತಿಂದೆ. ಕಣ್ಣು ಮುಚ್ಚಲಿಲ್ಲ.

21 ಆಗಸ್ಟ್, ಗುರುವಾರ

ಮೆಣಸಿನಗಿಡದ ಕಸ ತೆಗೆಯಲು ಹೋಗಿದ್ದೆವು. ನಾನು, ಅತ್ತೆ, ಬಾಜೂ ಮನೆಯ ರಹೀಮಾಬಿ. ಬದುವಿನ ಮೇಲೆ ಊಟಕ್ಕೆ ಕುಳಿತೆವು. ರೊಟ್ಟಿ ಮುಗಿದರೂ ನಾನು ಬೆರಳಿನಿಂದ ಬಟ್ಟಲು ಬಳಿಯುತ್ತಿದ್ದೆ.

ರಹೀಮಾಬಿಯ ಕಣ್ಣು ಬಿತ್ತು. "ಏ ಶಿವಗಂಗವ್ವಾ, ನಿನ್ನ ಸೊಸಿ ಬಟ್ಲಾನೂ ತಿಂತಾಳ ನೋಡಬೇ! ಹುಳಿ ಇಷ್ಟ್ ಹತ್ತೇತಿ ಅಂದ್ರ... ಪೇಢೆ ಯಾವಾಗ ಕೊಡ್ತಿ?"

ಅತ್ತೆ ತಿರುಗಿದರು. ಮುಖ ನೋಡಲಿಲ್ಲ, ನನ್ನ ಹೊಟ್ಟೆ ನೋಡಿದರು.

"ಹೌದೇನಬೇ ರೇವವ್ವಾ?"

ತಲೆ ತಗ್ಗಿಸಿದೆ. ತಗ್ಗಿಸಬಾರದಿತ್ತು. ಅದನ್ನೇ ಹೌದು ಅಂದುಕೊಂಡರು.

24 ಆಗಸ್ಟ್, ರವಿವಾರ

ಕೊಡ ಎತ್ತಲು ಬಿಡುತ್ತಿಲ್ಲ. ಹೊಲಕ್ಕೆ ಕರೆಯುತ್ತಿಲ್ಲ. ಮೊದಲು ನಾನು "ಅಳ್ನಾವರದಾಕಿ". ಈಗ "ಯವ್ವಾ, ಸಾವಕಾಶ ನಡಿ" ಅನ್ನುತ್ತಾರೆ. ರೊಟ್ಟಿಯ ಮೇಲೆ ಬೆಣ್ಣೆ. ದಿನಾ ಪುಂಡಿಪಲ್ಲೆ, ನನಗಾಗಿಯೇ.

ತಿಂಗಳ ದಿನ ದಾಟಿದೆ, ಸ್ವಲ್ಪವೇ. ಖರೇ ಇರಬಹುದೇ? ಬಯಕೆ ಅಂದರೆ ಹೀಗೆಯೇ ಏನು... ಯಾರನ್ನು ಕೇಳಲಿ?

27 ಆಗಸ್ಟ್, ಬುಧವಾರ

ಇಲ್ಲ. ಮುಂಜಾನೆ ತಿಳಿಯಿತು.

ನಮ್ಮಲ್ಲಿ ಹೊರಗೆ ಕೂಡುವ ಪದ್ಧತಿ ಇಲ್ಲ. ಲಿಂಗ ಕಟ್ಟಿಕೊಂಡವರಿಗೆ ಸೂತಕವಿಲ್ಲ. ಇದ್ದಿದ್ದರೆ ನಾನು ಬಾಯಿ ತೆರೆಯದೆಯೇ ಎಲ್ಲರಿಗೂ ತಿಳಿಯುತ್ತಿತ್ತು. ಈಗ ನಾನೇ ಹೇಳಬೇಕು. ಬಟ್ಟೆ ಒಗೆದು ಹಿತ್ತಲಲ್ಲಿ ಸೀರೆಯ ಮರೆಗೆ ಒಣಹಾಕಿದೆ, ಕಳ್ಳಿಯ ಹಾಗೆ. ಅತ್ತೆ ಒಳಗಿನಿಂದ ಕೂಗಿದರು— "ಬಿಸಲಾಗ ನಿಂದ್ರಬ್ಯಾಡ ಯವ್ವಾ!"

ನಾಳೆ ಹೇಳುತ್ತೇನೆ.

2 ಸೆಪ್ಟೆಂಬರ್, ಮಂಗಳವಾರ

ಹೇಳಲಿಲ್ಲ. ಬದಲಿಗೆ ಒಂದು ಉಪಾಯ ಹುಡುಕಿದೆ. ಪುಂಡಿಪಲ್ಲೆ ತಿನ್ನುವುದನ್ನೇ ಬಿಟ್ಟರೆ ಅವರಿಗೇ ತಿಳಿದೀತು ಅಂತ. ನಿನ್ನೆ ಬೇಡ ಅಂದೆ. ಇವತ್ತೂ ಬೇಡ ಅಂದೆ. ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು, ಆದರೂ ತಾಟು ಸರಿಸಿದೆ.

ಅತ್ತೆಗೆ ಎಲ್ಲಿಲ್ಲದ ಖುಷಿ. "ಓಕರಿಕಿ ಬಂತಲ್ಲ? ನನಗ ಅನಮಾನ ಇತ್ತು. ಈಗ ಖರೇನ ಆತು ಬಿಡು!"

ತಿಂದರೆ ಬಯಕೆ. ಬಿಟ್ಟರೆ ವಾಕರಿಕೆ. ಯಾವ ಕಡೆಯಿಂದ ಹೋದರೂ ಬಸುರಿಯೇ.

ಇವರಿಗೆ ಹೇಳಿದೆ. ಮುಖ ಸಣ್ಣದಾಯಿತು. ಇವರೂ ನಂಬಿದ್ದರು ಅಂತ ಆಗ ಗೊತ್ತಾಯಿತು. "ಅವ್ವಗ ನೀನ ಹೇಳು. ಹೆಣಮಕ್ಕಳ ಮಾತು, ನಾ ಹೆಂಗ ಹೇಳ್ಲಿ?" ಅಂದರು. ಎದ್ದು ಎತ್ತಿಗೆ ನೀರು ಕುಡಿಸಲು ಹೋದರು. ಎತ್ತುಗಳು ಆಗಲೇ ನೀರು ಕುಡಿದಿದ್ದವು.

11 ಸೆಪ್ಟೆಂಬರ್, ಗುರುವಾರ

ರಹೀಮಾಬಿಯ ಗಂಡ ಗುಲಾಮಹುಸೇನ ಬಿದಿರು ತರಲು ಅಳ್ನಾವರಕ್ಕೆ ಹೋಗಿದ್ದ. ಅತ್ತೆ ಅವನ ಕೈಲಿ ತವರಿಗೆ ಸುದ್ದಿ ಕಳಿಸಿದ್ದರು. ನನಗೆ ಗೊತ್ತೇ ಇರಲಿಲ್ಲ. ಇವತ್ತು ಬಂದವನು ಕಟ್ಟೆಯ ಮೇಲೆ ನಿಂತೇ ಹೇಳಿದ.

"ನಿಮ್ಮವ್ವ ಖುಷಿಗೆ ಅಳಾಕ ಹತ್ತಿದ್ರು ತಂಗಿ. ಸೋಮವಾರ ಬಯಕಿ ಬುತ್ತಿ ತಗೊಂಡ ಬರ್ತಾರಂತ."

ಬಸುರಿ ಮಗಳಿಗೆ ತವರಿನವರು ಬುತ್ತಿ ಹೊತ್ತು ತರುತ್ತಾರೆ. ಓಣಿಗೆಲ್ಲ ಹಂಚುತ್ತಾರೆ. ಹೋಳಿಗೆ, ಬುತ್ತಿಯನ್ನ, ಕರಿಗಡುಬು. ಇಲ್ಲದ ಕೂಸಿನ ಹೆಸರಲ್ಲಿ ಓಣಿಯೆಲ್ಲ ಉಣ್ಣುವುದು...

ಹೇಳಿದರೆ ಸುಳ್ಳಿ ಅನ್ನುತ್ತಾರೆ. ಅದು ದೊಡ್ಡದಲ್ಲ. ಇಲ್ಲ ಅಂದ ಮೇಲೆ, ಯಾಕಿಲ್ಲ ಅಂತ ಕೇಳುತ್ತಾರೆ. ಈ ತನಕ ಯಾರೂ ಕೇಳಿರಲಿಲ್ಲ. ಒಮ್ಮೆ ಶುರುವಾದರೆ ಆ ಮಾತು ನಿಲ್ಲುವುದಿಲ್ಲ.

ಮತ್ತೆ "ಯವ್ವಾ" ಅನ್ನುವುದೂ ನಿಂತುಹೋಗುತ್ತದೆ. ಅದನ್ನೂ ಬರೆಯಲೇಬೇಕು. ನನಗೆ ಅದು ಹಿತವಾಗಿತ್ತು.

14 ಸೆಪ್ಟೆಂಬರ್, ರವಿವಾರ, ಸಂಜೆ

ಹೇಳಿದೆ.

ಅತ್ತೆ ನಡುಮನೆಯಲ್ಲಿ ಕುಳಿತು ಪುಂಡಿ ಎಲೆ ಬಿಡಿಸುತ್ತಿದ್ದರು. ನಾನೂ ಒಂದು ಕಟ್ಟು ಎಳೆದುಕೊಂಡು ಕುಳಿತೆ. ಅದನ್ನು ಪೂರ್ತಿ ಬಿಡಿಸಿ ಮುಗಿಸಿದೆ.

"ಅತ್ತಿ... ನನಗ ಏನೂ ಇಲ್ರಿ."

"ಏನಿಲ್ಲ?"

"ಹೊಟ್ಟ್ಯಾಗ."

ಅವರ ಕೈ ನಿಂತಿತು. "ಇಳದ್ ಹೋತೇನ?"

"ಇಲ್ರೀ. ಮೊದ್ಲಿಂದನೂ ಇರಲಿಲ್ರಿ."

"ಮತ್ತ ಅಷ್ಟ್ ಹುಳಿ ಯಾಕ ತಿಂದಿ?"

"ರುಚಿ ಹತ್ತಿತ್ರೀ."

"ರುಚಿ?" ನಾನು ಬೇರೆ ಊರಿನ ಮಾತು ಆಡಿದ ಹಾಗೆ ನೋಡಿದರು. "ವಿಷಾ ಕುಡದಂಗ ಮಾಡ್ತಿದ್ದಿ. ಒಮ್ಮಿಂದೊಮ್ಮೆಲೆ ರುಚಿ ಹೆಂಗ ಹತ್ತತೈತಿ?"

"ಗೊತ್ತಿಲ್ರಿ. ಪಂಚಮಿಗೆ ಹೋದಾಗ... ಅಲ್ಲಿ ಇರಲಿಲ್ಲಲ್ರೀ. ಆಗ ನೆನಪಾತ್ರಿ."

"ಓಣಿ ಮಂದಿಗೆ ಏನ್ ಹೇಳ್ಲಿ ನಾ? ನನ್ನ ಸೊಸಿಗೆ ಪುಂಡಿಪಲ್ಲೆ ರುಚಿ ಹತ್ತಿತ್ತು, ಅದಕ್ಕ ಬೀಗರನ ಕರಸೀನಿ ಅಂತ ಹೇಳ್ಲೇನ?"

ಈ ಸಲ ನಾನು ತಲೆ ತಗ್ಗಿಸಲಿಲ್ಲ. ಅವರು ಎಲೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಒಲೆಯ ಮುಂದೆ ಪಾತ್ರೆ ಕುಕ್ಕಿದ ಸಪ್ಪಳ.

15 ಸೆಪ್ಟೆಂಬರ್, ಸೋಮವಾರ, ಮುಂಜಾನೆ

ಅವ್ವ ಬರುವ ಬಸ್ಸು ಇನ್ನೂ ಬಂದಿಲ್ಲ. ತಡೆಯಲು ದಾರಿಯಿಲ್ಲ, ಬುತ್ತಿ ಹೊತ್ತು ಆಗಲೇ ಹೊರಟಿರುತ್ತಾಳೆ. ಇವರು ಬಸ್ ಸ್ಟ್ಯಾಂಡಿಗೆ ಹೋಗಿದ್ದಾರೆ. ಅತ್ತೆ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ಅವ್ವನ ಮುಂದೆ ಏನನ್ನುತ್ತಾರೋ, ಓಣಿಯ ಮುಂದೆ ಏನನ್ನುತ್ತಾರೋ.

ಮುಂಜಾನೆ ಇಬ್ಬರೇ ಊಟಕ್ಕೆ ಕುಳಿತೆವು. ಪುಂಡಿಪಲ್ಲೆಯ ಗಡಿಗೆ ಅವರ ಬಾಜೂ ಇತ್ತು. ತಮ್ಮ ತಾಟಿಗೆ ಹಾಕಿಕೊಂಡರು. ನನಗೆ ಬರೀ ರೊಟ್ಟಿ, ಚಟ್ನಿ. ಮರೆತದ್ದಲ್ಲ.

ಈ ಮನೆಯಲ್ಲಿ ಸೊಸೆ ಬಡಿಸಿದ್ದನ್ನು ತಿನ್ನುತ್ತಾಳೆ, ತಾನಾಗಿ ಬಡಿಸಿಕೊಳ್ಳುವುದಿಲ್ಲ. ರೊಟ್ಟಿ ಮುರಿದೆ. ಬಾಯಿಗಿಡಲಿಲ್ಲ. ಕೈ ಚಾಚಿದೆ, ಅವರ ಮುಂದಿನಿಂದಲೇ. ಗಡಿಗೆ ನನ್ನ ಕಡೆ ಎಳೆದುಕೊಂಡೆ. ಸೌಟು ಗಡಿಗೆಗೆ ಬಡಿಯಿತು. ಅತ್ತೆ ನೋಡುತ್ತಲೇ ಇದ್ದರು. ಒಂದು ಸೌಟು ಹಾಕಿಕೊಂಡೆ. ಮತ್ತೆ ಇನ್ನೊಂದು...