ಅಕ್ಕನ ಫೋನಿಗೆ ಬರುವ ಓಟಿಪಿ

ಜೂನ್ 3, ಬೆಳಿಗ್ಗೆ

ಕಂಪ್ಯೂಟರ್ ಆನ್. ಪಾಸ್‌ವರ್ಡ್ ಹೊಡೆದೆ. ಆಮೇಲೆ ಮಾಮೂಲಿನಂತೆ ಅಕ್ಕನಿಗೆ ಫೋನ್. ಇಲ್ಲಿ ನನ್ನ ಸೀನಿಯರ್ ಆಗಿದ್ದವರು. ರಿಟೈರ್ ಆಗಿ ವರ್ಷ ಕಳೆದರೂ ನಮ್ಮ ಲ್ಯಾಬಿನ ಓಟಿಪಿ ಹೋಗುವುದು ಅವರ ಮೊಬೈಲಿಗೇ. ನಂಬರ್ ಬದಲಿಸಬೇಕೆಂದು ಯಾರಿಗೂ ಹೊಳೆದಿಲ್ಲ. ಹೊಳೆದ ನಾನು ಬಾಯಿ ಬಿಟ್ಟಿಲ್ಲ.

"ಏನಮ್ಮಾ, ಇವತ್ತೂ ಲೇಟು. ರಕ್ತ ಪರೀಕ್ಷೆಗೆ ಬಂದವರು ಖಾಲಿ ಹೊಟ್ಟೇಲಿ ಕೂತಿರ್ತಾರೆ, ನೆನಪಿದೆಯಾ?"

"ನೆನಪಿದೆ ಅಕ್ಕಾ. ನಂಬರ್ ಹೇಳಿ."

ಉಪದೇಶ ಮುಗಿಯುವಷ್ಟರಲ್ಲಿ ಓಟಿಪಿಯ ಅವಧಿಯೇ ಮುಗಿದಿತ್ತು. ಇನ್ನೊಂದು ತರಿಸಿದೆ. ಮತ್ತೆ ಬೈಸಿಕೊಂಡೆ. ದಿನ ಸರಿಯಾಗಿ ಶುರುವಾಯಿತು.

ಜೂನ್ 7

ನಾನು ಕೆಲಸಕ್ಕೆ ಸೇರಿದಾಗ ಲಾಗಿನ್ ಗೀಗಿನ್ ಏನೂ ಇರಲಿಲ್ಲ. ಮೈಕ್ರೋಸ್ಕೋಪಿನ ಕಪಾಟಿಗೆ ಒಂದು ಬೀಗ, ಅದರ ಕೀ ಅಕ್ಕನ ಸೊಂಟದಲ್ಲಿ. "ಕಣ್ಣು ಮುಚ್ಕೊಂಡು ನೋಡಿದ್ಯಾ?" — ನನ್ನ ಮೊದಲ ಸ್ಲೈಡಿಗೆ ಸಿಕ್ಕ ಬಹುಮಾನ. ಆಮೇಲೆ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಸಂಜೆಯವರೆಗೂ ಕಲಿಸಿದರು. ಆ ಸ್ಟೂಲಿನ ಮೇಲೆ ಈಗ ಪ್ರಿಂಟರ್ ಕೂತಿದೆ.

ಜೂನ್ 12

ಐಟಿಯವನು ಬಂದ. "ಇದ್ಯಾರ ನಂಬರ್ ಮೇಡಂ? ರಿಟೈರ್ ಆದವರದ್ದಾ? ಸೆಕ್ಯೂರಿಟಿ ಗತಿ ಏನು!" ಎರಡು ಕ್ಲಿಕ್. ಇನ್ನು ಓಟಿಪಿ ನನ್ನ ಮೊಬೈಲಿಗೇ. ಮಹಾ ಉಪಕಾರ ಮಾಡಿದವನ ಹಾಗೆ ನಕ್ಕ. ಅವನ ತಲೆ!

ಅಕ್ಕನಿಗೆ ತಿಳಿಸಿದೆ. "ಒಳ್ಳೇದಾಯ್ತು ಬಿಡು, ಪೀಡೆ ಕಳೀತು" ಅಂದರು. ದನಿ ಸಣ್ಣಗಿತ್ತು.

ಜೂನ್ 24

ಓಟಿಪಿ ಬರುತ್ತದೆ, ಹೊಡೆಯುತ್ತೇನೆ, ತೆರೆದುಕೊಳ್ಳುತ್ತದೆ. ಬೈಯುವವರಿಲ್ಲ.

ಇವತ್ತು ತಡೆಯಲಾರದೆ ಫೋನ್ ಮಾಡಿದೆ.

"ಏನ್ ವಿಷ್ಯ?"

"ಏನಿಲ್ಲ ಅಕ್ಕಾ... ಸುಮ್ನೆ."

"ಸುಮ್ನೆನಾ? ಡ್ಯೂಟಿ ಟೈಮಲ್ಲಿ? ಇಡು ಫೋನು."

ಇಟ್ಟೆ. ಅವರು ಹಾಗೇ. ಕೆಲಸದ ನೆಪವಿಲ್ಲದೆ ಮಾತಾಡಲು ಬರುವುದೇ ಇಲ್ಲ. ಹೀಗೇ ಬಿಟ್ಟರೆ ಕೈತಪ್ಪಿ ಹೋಗುತ್ತಾರೆ. ನನಗೆ ಅಕ್ಕ ಬೇಕು.

ಜುಲೈ 1, ಬೆಳಿಗ್ಗೆ

ಲಾಗಿನ್ ಆಗಿತ್ತು. ರಿಪೋರ್ಟುಗಳೂ ತೆರೆದಿದ್ದವು. ಆದರೂ ಫೋನ್ ಮಾಡಿದೆ.

"ಅಕ್ಕಾ, ಓಟಿಪಿ ಹೇಳಿ."

ಅವರಿಗೆ ಮೆಸೇಜ್ ಎಲ್ಲಿಂದ ಬರಬೇಕು? ಈಗ ಮಂಗಳಾರತಿ ಅಂದುಕೊಂಡೆ.

"ಬರ್ಕೋ" ಅಂದರು. "ನಾಲ್ಕು... ಒಂದು... ಒಂಬತ್ತು..."

ಒಂದೊಂದನ್ನೂ ಯೋಚಿಸಿ ಯೋಚಿಸಿ ಹೇಳುತ್ತಿದ್ದರು. ಬರೆದುಕೊಂಡೆ. ಐದು ಅಂಕಿ ಆಯಿತು, ನಿಲ್ಲಿಸಿದರು.

"ಆರು ಬೇಕಲ್ಲ ಅಕ್ಕಾ?"

"ಇನ್ನೊಂದನ್ನ ನಾಳೆ ಹೇಳ್ತೀನಿ. ಫೋನ್ ಮಾಡು."