ಅಕ್ಕನ ಹಾಲು

ಸುರೇಬಾನ
೧೨ ಸೆಪ್ಟೆಂಬರ್ ೨೦೨೪

ಚಿ. ಸೌ. ಉಮಾಶ್ರೀಗೆ,

ನಿನ್ನ ಚಿಗವ್ವ ಗಂಗಾ ಮಾಡುವ ಆಶೀರ್ವಾದ. ಇಲ್ಲಿ ನಾನು, ನಿನ್ನ ಕಾಕಾ ಇಬ್ಬರೂ ಆರಾಮ ಇದ್ದೇವೆ. ಬೈಲಹೊಂಗಲದಲ್ಲಿ ನೀನು, ಗೌರೀಶ, ನಿಮ್ಮ ಅತ್ತೆಯವರು ಹೇಗಿದ್ದೀರಿ ಎಂದು ಕೇಳುವುದಕ್ಕೂ ಮೊದಲು ಕೂಸು ರಂಜನಾ ಹೇಗಿದ್ದಾಳೆ ಎಂದು ಕೇಳಬೇಕು. ಮಲದಲ್ಲಿ ರಕ್ತ ಬೀಳುವುದು ನಿಂತಿದೆಯೇ? ಹಾಲು ಕುಡಿದ ಮೇಲೆ ಕಾಲು ಮಡಚಿ ಅಳುವುದು ಕಡಿಮೆಯಾಗಿದೆಯೇ?

ಹತ್ತು ದಿನಗಳಲ್ಲಿ ನೀನು ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ ಫೋನು ನನ್ನ ಕೈಯಲ್ಲೇ ಇತ್ತು, ಎತ್ತಲಿಲ್ಲ. ಅಂಗನವಾಡಿಯಲ್ಲಿ ಮೀಟಿಂಗ್ ಇತ್ತು ಎಂದು ನಿನ್ನ ಕಾಕಾನಿಂದ ಹೇಳಿಸಿದ್ದು ಸುಳ್ಳು. ಸಿಟ್ಟಾಗಬೇಡ. ಬಾಯಿ ತೆರೆದರೆ ಅಳು ಬರುತ್ತಿತ್ತು, ಕೂಸು ಹೀಗಿರುವಾಗ ನನ್ನ ಅಳುವನ್ನೂ ನೀನು ಕೇಳಬೇಕೇ ಎಂದು ಸುಮ್ಮನಾದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬರೆಯುವಾಗ ನಿಲ್ಲಿಸಿ, ಕಣ್ಣು ಒರೆಸಿಕೊಂಡು, ಮತ್ತೆ ಬರೆಯಬಹುದು.

ನೀನು ಕಳಿಸಿದ ಮಾತನ್ನು ಫೋನಿನಲ್ಲಿ ಏಳೆಂಟು ಸಲ ಹಾಕಿಕೊಂಡು ಕೇಳಿದ್ದೇನೆ. ಬೆಳಗಾವಿಯ ಡಾಕ್ಟರು, ನೀನು ಕುಡಿಯುವ ಎಮ್ಮೆ ಹಾಲು, ಮೊಸರು, ತುಪ್ಪದ ಸತ್ವ ನಿನ್ನ ಎದೆಹಾಲಿನಲ್ಲಿ ಇಳಿದು ಕೂಸಿನ ಕರುಳಿಗೆ ಒಗ್ಗುತ್ತಿಲ್ಲ, ಅದರಿಂದಲೇ ರಕ್ತ ಎಂದಿದ್ದಾರೆ. ಕೆಲವು ವಾರ ಹಾಲಿನದೇನೂ ಮುಟ್ಟಬೇಡ ಎಂದಿದ್ದಾರೆ. ಆಮೇಲೆ ನಿನ್ನನ್ನು, "ನೀವು ಸಣ್ಣವರಿದ್ದಾಗ ನಿಮಗೂ ಹಿಂಗಾಗಿತ್ತೇನು, ಕೇಳ್ರಿ" ಎಂದಿದ್ದಾರೆ. ನೀನು ಹೂಲಿಗೆ ಫೋನ್ ಮಾಡಿ ನಿಮ್ಮವ್ವನನ್ನು ಕೇಳಿದರೆ ಅವಳು, "ಚಿಗವ್ವನ್ನ ಕೇಳು, ಅದು ಅಕೀ ಹೇಳಬೇಕಾದ್ದು" ಎಂದಳಂತೆ.

ಹೌದು, ನಾನೇ ಹೇಳಬೇಕಾದ್ದು. ನಿನ್ನನ್ನು ಹೆತ್ತವಳು ನಾನು, ಎರಡು ತಿಂಗಳ ಕೂಸಿನಿಂದ ಸಾಕಿದವಳು ನನ್ನ ಅಕ್ಕ ಶಟ್ಟೆವ್ವ. ಇಷ್ಟು ನಿನಗೆ ತಿಳುವಳಿಕೆ ಬಂದಾಗಿನಿಂದ ಗೊತ್ತು. ಚಿಗವ್ವನಿಗೆ ಹಾಲಿರಲಿಲ್ಲ, ಅದಕ್ಕೆ ಅವ್ವ ಒಯ್ದಳು ಎಂದು ನಿನಗೆ ಹೇಳಿಕೊಂಡು ಬಂದಿದ್ದೇವೆ. ಅದು ನಿಜವಲ್ಲ, ಉಮಾ. ನನಗೆ ಬೇಕಾದಷ್ಟು ಹಾಲಿತ್ತು.

ನೀನು ಹುಟ್ಟಿದ್ದು ರಾಮದುರ್ಗದಲ್ಲಿ, ನನ್ನ ತವರಿನಲ್ಲಿ, ತೊಂಬತ್ತೇಳರ ಜುಲೈಯಲ್ಲಿ. ಹಿತ್ತಲಲ್ಲಿ ಎರಡು ಎಮ್ಮೆ ಹಯನಿದ್ದವು. ನಿನ್ನ ಆಯಿ, ನಮ್ಮವ್ವ ಚನ್ನವ್ವ, ಬಾಣಂತನ ಮಾಡುವುದರಲ್ಲಿ ಓಣಿಗೇ ಹೆಸರಾದವಳು. ಬೆಳಿಗ್ಗೆ ಹಾಲಿನಲ್ಲಿ ಕುದಿಸಿದ ಅಳವಿ ಬೀಜದ ಪಾಯಸ, ಮಧ್ಯಾಹ್ನ ಬಿಸಿ ರೊಟ್ಟಿಯ ಮೇಲೆ ತುಪ್ಪ, ಸಂಜೆಗೆ ದೊಡ್ಡ ಲೋಟದ ತುಂಬ ಹಾಲು. ಬದನೆಕಾಯಿ, ಕಡಲೆಬೇಳೆ, ಹಸಿಮೆಣಸಿನಕಾಯಿ, ಶೇಂಗಾ ಬಾಣಂತಿ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ನಾನೂ ಸಂತೋಷದಿಂದಲೇ ಉಂಡೆ. ಚೊಚ್ಚಲ ಬಾಣಂತಿಗೆ ಅವ್ವನ ಕೈ ಅಡಿಗೆಗಿಂತ ಸುಖ ಯಾವುದಿದೆ ಹೇಳು.

ಒಂದು ತಿಂಗಳು ತುಂಬಿದ ಮೇಲೆ ನಿನ್ನ ಹೊಟ್ಟೆ ಕೆಟ್ಟಿತು. ಮೊದಲು ನೊರೆ ನೊರೆ ಹೋಗುತ್ತಿದ್ದೆ, ಆಮೇಲೆ ಲೋಳೆ. ಒಂದು ಬೆಳಿಗ್ಗೆ ಅರಿವೆ ಬಿಚ್ಚಿದರೆ ಕೆಂಪು ಎಳೆ. ನಾನು ಕೂಗಿದ್ದಕ್ಕೆ ಅವ್ವ ಒಳಗೆ ಬಂದು ನೋಡಿದಳು. ನಿನ್ನನ್ನು ಎತ್ತಿಕೊಳ್ಳಲಿಲ್ಲ. ನನ್ನ ಮುಖ ನೋಡಿ ಕೇಳಿದಳು, "ಏನ್ ತಿಂದಿ?"

ನಾನು ತಿಂದಿದ್ದೆ. ಮೂರು ದಿನದ ಹಿಂದೆ ಗೆಳತಿ ನರ್ಮದಾ ಮಾತಾಡಿಸಲು ಬಂದಾಗ ಅವಳ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಸಪ್ಪೆ ಉಂಡು ಉಂಡು ನಾಲಿಗೆ ಸತ್ತುಹೋಗಿತ್ತು. ಅವ್ವ ಹಿತ್ತಲಿಗೆ ಹೋದಾಗ ಒಂದೇ ಒಂದು ತುತ್ತು ಬಾಯಿಗೆ ಹಾಕಿಕೊಂಡೆ. ಅದನ್ನು ಒಪ್ಪಿಕೊಂಡುಬಿಟ್ಟೆ. ಅಲ್ಲಿಗೆ ಎಲ್ಲವೂ ತೀರ್ಮಾನವಾಯಿತು.

ಅವತ್ತಿನಿಂದ ನನ್ನ ಪಥ್ಯ ಇನ್ನೂ ಬಿಗಿಯಾಯಿತು. ರೊಟ್ಟಿ, ಪಲ್ಯ, ಬೇಳೆ ಎಲ್ಲ ಬಂದ್. ಹಾಲು ಅನ್ನ, ತುಪ್ಪ ಅನ್ನ, ಮತ್ತೆ ಹಾಲು. ನಿನ್ನ ಹೊಟ್ಟೆ ಇನ್ನಷ್ಟು ಕೆಟ್ಟಿತು. ಔಷಧ ಹಾಕಿಸಿದೆವು, ಎರಡು ದಿನ ಕಡಿಮೆ, ಮೂರನೆಯ ದಿನ ಮತ್ತೆ ಅದೇ. ತೂಕ ಏರುವುದು ಬಿಟ್ಟು ಇಳಿಯತೊಡಗಿತು. ಯಾರು ಬಂದರೂ ಅವ್ವ ಅದನ್ನೇ ಹೇಳುತ್ತಿದ್ದಳು, ಇವಳು ನಾಲಿಗೆ ಕಟ್ಟಲಿಲ್ಲ, ಕೂಸು ಅನುಭವಿಸುತ್ತಿದೆ ಎಂದು. ನನ್ನ ಅತ್ತೆ ಸಿದ್ದಲಿಂಗವ್ವ ಸುರೇಬಾನದಿಂದ ನೋಡಲು ಬಂದವರು ಬೈಯಲಿಲ್ಲ. ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ಕುಳಿತು, ಇವಳ ಹಾಲು ನಂಜಾಗಿದೆ, ಬಿಡಿಸಿರಿ ಎಂದಷ್ಟೇ ಹೇಳಿ ಎದ್ದರು.

ಆಗ ಹೂಲಿಯಿಂದ ಅಕ್ಕ ಬಂದಳು. ಕಂಕುಳಲ್ಲಿ ಎಂಟು ತಿಂಗಳ ವಿಜಯ. ನಿನ್ನ ಮುಖ ನೋಡಿದಳು, ಕೈಕಾಲು ತೊಳೆದು ಬಂದಳು, ಯಾರನ್ನೂ ಕೇಳದೆ ನಿನ್ನನ್ನು ಎದೆಗೆ ಹಾಕಿಕೊಂಡಳು. ನೀನು ಕುಡಿದೆ. ನಾಲ್ಕು ದಿನ ಅಲ್ಲೇ ಉಳಿದಳು, ಆಮೇಲೆ ನಿನ್ನನ್ನು ಹೂಲಿಗೆ ಕರೆದುಕೊಂಡು ಹೋದಳು. ಹದಿನೈದು ದಿನಕ್ಕೆ ರಕ್ತ ನಿಂತಿತು. ತಿಂಗಳಿಗೆ ಕೆನ್ನೆ ತುಂಬಿತು ಎಂದು ಸುದ್ದಿ ಬಂತು. ಅವ್ವ ಸುದ್ದಿ ತಂದವರಿಗೆ ಸಕ್ಕರೆ ಕೊಟ್ಟು ನನ್ನ ಕಡೆ ತಿರುಗಿ, "ಹಾಲು ಅಂದ್ರ ಅಕೀದು" ಎಂದಳು.

ಇಲ್ಲಿ ನನ್ನ ಎದೆ ಕಟ್ಟಿ ಜ್ವರ ಬರುತ್ತಿತ್ತು. ಬಟ್ಟಲಿಗೆ ಹಿಂಡಿ ಯಾರೂ ತುಳಿಯದ ಕಡೆ ಚೆಲ್ಲಬೇಕು ಎಂದು ಅವ್ವ ಹೇಳಿದ್ದಳು. ಹಿತ್ತಲ ಗೋಡೆಯ ಮೂಲೆಗೆ ಹೋಗಿ ಚೆಲ್ಲಿ ಬರುತ್ತಿದ್ದೆ. ಇಪ್ಪತ್ತೆರಡು ದಿನಕ್ಕೆ ಬತ್ತಿತು.

ಈಗ ನಿಮ್ಮವ್ವನ ಊಟ ನೆನಪು ಮಾಡಿಕೋ. ಸಣ್ಣಂದಿನಿಂದಲೂ ಅವಳಿಗೆ ಹಾಲಿನ ವಾಸನೆ ಆಗುವುದಿಲ್ಲ. ಇವತ್ತಿಗೂ ಹಾಲಿಲ್ಲದ ಚಹಾ. ಮೊಸರು, ಮಜ್ಜಿಗೆ ಮುಟ್ಟುವುದಿಲ್ಲ, ತುಪ್ಪ ಬಡಿಸಿದರೆ ತಾಟು ಸರಿಸುತ್ತಾಳೆ. ಆದರೆ ಬದನೆಕಾಯಿ, ಶೇಂಗಾ, ಖಾರ ಎಲ್ಲ ಧಾರಾಳ. ನನಗೆ ಯಾವುದನ್ನೆಲ್ಲ ಬೇಡವೆಂದಿದ್ದರೋ ಅದನ್ನೆಲ್ಲ ಅವಳು ಉಂಡು ನಿನಗೆ ಹಾಲು ಕೊಟ್ಟಳು, ನೀನು ಬದುಕಿದೆ. ನನಗೆ ಯಾವುದನ್ನು ಪ್ರೀತಿಯಿಂದ ಕುಡಿಸಿದರೋ ಅದೇ ನಿನಗೆ ಆಗುತ್ತಿರಲಿಲ್ಲ. ಇದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಇಪ್ಪತ್ತೇಳು ವರ್ಷ ನಾನು ಆ ಒಂದು ತುತ್ತು ಚಟ್ನಿಯನ್ನೇ ಬೈದುಕೊಂಡೆ. ಮತ್ತೊಂದು ಕೂಸು ಬೇಡವೆಂದು ನಿನ್ನ ಕಾಕಾನ ಮುಂದೆ ಹಟ ಹಿಡಿದದ್ದೂ ಅದಕ್ಕೇ. ಅವರು ಒಂದು ದಿನವೂ ಎದುರು ಮಾತಾಡಲಿಲ್ಲ, ಪಾಪ.

ನಿನ್ನ ಫೋನ್ ಬಂದ ವಾರ ನಮ್ಮ ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಡಾಕ್ಟರಬಾಯಿ ಬಂದಿದ್ದರು. ಯಾರದೋ ಮನೆಯ ಸಂಗತಿ ಎಂಬಂತೆ ನಿನ್ನ ಕಥೆಯನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಆ ಬಾಣಂತಿದು ತಪ್ಪಿರಲಿಲ್ಲರಿ, ಖಾರದ್ದೂ ಇರಲಿಲ್ಲ. ಹಾಲೊಂದು ಬಿಡಿಸಿದ್ರ ಬಹುಶಃ ತಾಯಿ ಕೂಸು ಕೂಡೇ ಇರತಿದ್ರು" ಎಂದರು. ನಾನು ಹೂಂ ಎಂದೆ. ಅವರಿಗೆ ಚಹಾ ಮಾಡಿ ಕೊಟ್ಟೆ.

ನನ್ನ ಕೆಲಸ ನಿನಗೆ ಗೊತ್ತಲ್ಲ. ದಿನಾ ಮಧ್ಯಾಹ್ನ ಬಸುರಿ ಬಾಣಂತಿಯರಿಗೆ ಊಟ ಬಡಿಸಿ, ಲೋಟಕ್ಕೆ ಹಾಲು ಹಾಕಿ, ಬಿಡದೆ ಕುಡಿಯಿರಿ ಎನ್ನುತ್ತೇನೆ. ಮರುದಿನ ಹಾಕಲು ಮನಸ್ಸು ಬರಲಿಲ್ಲ. ಆದರೆ ನಿಲ್ಲಿಸಲಿಲ್ಲ. ನಿಲ್ಲಿಸಲೂಬಾರದು, ಬಹಳಷ್ಟು ಕೂಸುಗಳಿಗೆ ಇದರಿಂದ ಏನೂ ಆಗುವುದಿಲ್ಲ, ಎಲ್ಲೋ ಒಂದಕ್ಕೆ ಹೀಗಾಗುತ್ತದೆ ಎಂದು ಡಾಕ್ಟರಬಾಯಿಯೇ ಹೇಳಿದ್ದಾರೆ. ಈಗ ಲೋಟ ಕೈಗೆ ಕೊಡುವಾಗ ಕೂಸಿನ ಹೊಟ್ಟೆ ಹೇಗಿದೆ ಎಂದು ಕೇಳುತ್ತೇನೆ. ಇಷ್ಟು ವರ್ಷ ತಾಯಂದಿರನ್ನು ಏನು ತಿಂದೆ ಎಂದಷ್ಟೇ ಕೇಳುತ್ತಿದ್ದೆ, ನಮ್ಮವ್ವ ನನ್ನನ್ನು ಕೇಳಿದ ಹಾಗೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹೂಲಿಯಲ್ಲಿ ನಿನ್ನ ಬಾಣಂತನ ಆಗುವಾಗ ರಂಜನಾ ಚೆನ್ನಾಗಿಯೇ ಇದ್ದಳು. ಅಕ್ಕನ ಅಡಿಗೆಯಲ್ಲಿ ಹಾಲು ತುಪ್ಪ ಕಡಿಮೆಯೆಂದು ಗೊಣಗಿದವಳು ನಾನು. ನೀನು ಆಗಸ್ಟಿನಲ್ಲಿ ಬೈಲಹೊಂಗಲಕ್ಕೆ ಹೊರಟಾಗ ತುಪ್ಪದಲ್ಲಿ ಕಟ್ಟಿದ ಅಂಟಿನ ಉಂಡಿ ಡಬ್ಬಿ ತುಂಬ ಕೊಟ್ಟೆ. ದಿನಾ ಎರಡು ಲೋಟ ಹಾಲು ತಪ್ಪಿಸಬೇಡಿರೆಂದು ನಿಮ್ಮ ಅತ್ತೆಯವರ ಕೈ ಹಿಡಿದು ಹೇಳಿದೆ. ಅವರು ಹಾಗೆಯೇ ಮಾಡಿದರು. ಎರಡೇ ವಾರಕ್ಕೆ ನಿನ್ನ ಫೋನ್ ಬಂತು. ನಮ್ಮವ್ವ ನನಗೆ ಮಾಡಿದ್ದನ್ನೇ ನಾನು ನಿನಗೆ ಮಾಡಿದೆ. ಅವಳೂ ಪ್ರೀತಿಯಿಂದಲೇ ಮಾಡಿದ್ದಳು.

ಡಾಕ್ಟರಿಗೆ ಇಷ್ಟು ಹೇಳು. ತಾಯಿಗೂ ಸಣ್ಣವಳಿದ್ದಾಗ ಹೀಗೆಯೇ ಆಗಿತ್ತು, ಬೇರೆಯವರ ಎದೆಹಾಲಿಗೆ ನಿಂತಿತು. ಹತ್ತು ತಿಂಗಳ ಕೂಸಿದ್ದಾಗ ಎಮ್ಮೆ ಹಾಲು ಕುಡಿಸಿದ್ದಕ್ಕೆ ಮತ್ತೆ ರಕ್ತ ಬಂತು. ಮೂರು ವರ್ಷ ತುಂಬಿದ ಮೇಲೆ ಪೇಡೆ ತಿಂದರೂ ಏನೂ ಆಗಲಿಲ್ಲ. ರಂಜನಾಗೂ ಬೆಳೆಯುತ್ತ ತಾನೇ ಸರಿಹೋದೀತು.

ನಿಮ್ಮ ಅತ್ತೆಯವರು ಎದೆಹಾಲು ಬಿಡಿಸಿ ಬಾಟಲಿ ಹಾಕೋಣ ಎನ್ನುತ್ತಿದ್ದಾರೆ ಎಂದೆಯಲ್ಲ. ಅವರು ಒಳ್ಳೆಯವರು, ಕೂಸಿನ ಮೇಲಿನ ಜೀವಕ್ಕೇ ಹೇಳುತ್ತಾರೆ. ಸಿಟ್ಟು ಮಾಡದೆ ಈ ಕಾಗದವನ್ನು ಅವರಿಗೆ ಓದಿ ಹೇಳು. ನಿನ್ನ ಹಾಲಿನಲ್ಲಿ ನಂಜಿಲ್ಲ. ನೀನು ಹಾಲು, ಮೊಸರು, ತುಪ್ಪ ಬಿಡು, ಕೂಸಿಗೆ ಎದೆ ಬಿಡಿಸಬೇಡ. ಡಾಕ್ಟರು ಬರೆದುಕೊಟ್ಟ ಗುಳಿಗೆ ತಪ್ಪಿಸಬೇಡ. ಎಳ್ಳು, ರಾಗಿ, ಸೊಪ್ಪಿನ ಪಲ್ಯ, ಬೇಳೆ ಹೊಟ್ಟೆ ತುಂಬ ಉಣ್ಣು. ಬಿಸ್ಕೀಟು ತಿನ್ನುವ ಮೊದಲು ಅದರಲ್ಲಿ ಹಾಲಿನ ಪುಡಿ ಇದೆಯೇ ಎಂದು ಓದಿ ನೋಡು. ಎರಡು ದಿನಕ್ಕೇ ಗುಣ ಕಾಣಲಿಲ್ಲವೆಂದು ಎದೆಗುಂದಬೇಡ. ಯಾರು ಏನೇ ಅಂದರೂ ಕೂಸನ್ನು ನಿನ್ನ ಮೈಯಿಂದ ದೂರ ಮಾಡಬೇಡ.

ಗೌರೀಶನಿಗೆ ನನ್ನ ಆಶೀರ್ವಾದ. ರಂಜನಾಳ ಹಣೆಗೆ ನನ್ನದೊಂದು ಮುತ್ತು. ತಾಯಿ ಮಗಳು ಒಂದೇ ಮನೆಯಲ್ಲಿ, ಒಂದೇ ಹೊದಿಕೆಯಲ್ಲಿ ನೂರು ಕಾಲ ಚೆನ್ನಾಗಿರಿ.

ನಿನ್ನ ಚಿಗವ್ವ,
ಗಂಗಾ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಹೇಳಬೇಕಾದ್ದನ್ನು ಬಿಟ್ಟೆನೆಂದು ಮತ್ತೆ ತೆಗೆದಿದ್ದೇನೆ.

ನೀನು ಹತ್ತನೇ ಪರೀಕ್ಷೆ ಬರೆದು ರಜೆಗೆ ಸುರೇಬಾನಕ್ಕೆ ಬಂದಿದ್ದೆ. ನಾನು ನಿನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಹಿಂದೆ ತಿರುಗದೆ ಕೇಳಿದೆ, "ಚಿಗವ್ವಾ, ನಾ ಆರಾಮಾದ ಮ್ಯಾಲೆ ನನ್ನ ಯಾಕ ತಿರುಗಿ ಕರಕೊಂಡು ಬರಲಿಲ್ಲ?" ನಾನು, "ನಿಮ್ಮವ್ವ ಕೊಡಲಿಲ್ಲವ್ವ" ಎಂದೆ. ನೀನು ಹೂಲಿಗೆ ಹೋಗಿ ಅವಳ ಸಂಗಡ ಎರಡು ತಿಂಗಳು ಮಾತು ಬಿಟ್ಟೆ. ಅವಳು ನನ್ನನ್ನೂ ಏನೂ ಕೇಳಲಿಲ್ಲ, ನಿನಗೂ ಏನೂ ಹೇಳಲಿಲ್ಲ. ನಿನ್ನ ಮದುವೆಯಲ್ಲಿ ನೀನು ನನ್ನ ಕೈ ಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವಳು ಅಡಿಗೆಯವರ ಜೊತೆ ಒಳಗೇ ಇದ್ದಳು.

ನಡೆದದ್ದು ಬೇರೆ. ನಿನಗೆ ಹತ್ತು ತಿಂಗಳಾದಾಗ ಅಕ್ಕ ತಾನೇ ಬಸ್ಸು ಹತ್ತಿ ನಿನ್ನನ್ನು ಸುರೇಬಾನಕ್ಕೆ ಕರೆದುಕೊಂಡು ಬಂದಳು. ನಮ್ಮ ಮನೆ ನಿನಗೆ ರೂಢಿಯಾಗಲೆಂದು ಎರಡು ದಿನ ಇದ್ದು, "ನಿನ್ನ ಕೂಸು, ನಿನಗ ಒಪ್ಪಿಸೀನಿ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡು ಹೋದಳು. ನೀನು ಅವಳಿಗಾಗಿ ಅಳುತ್ತಿದ್ದೆ. ಅಳು ನಿಲ್ಲಲೆಂದು ಎಮ್ಮೆ ಹಾಲು ಕಾಸಿ ಸಕ್ಕರೆ ಹಾಕಿ ಕುಡಿಸಿದೆ. ಮೂರನೆಯ ದಿನ ಅರಿವೆಯಲ್ಲಿ ಮತ್ತೆ ಕೆಂಪು ಎಳೆ. ರಾಮದುರ್ಗಕ್ಕೆ ಡಾಕ್ಟರ ಹತ್ತಿರ ಒಯ್ಯೋಣ ಎಂದು ನಿನ್ನ ಕಾಕಾ ಅಂಗಿ ಹಾಕಿಕೊಂಡು ನಿಂತಿದ್ದರು. ನಾನು ಕೇಳಲಿಲ್ಲ. ಈ ಸಲ ನಾನು ಎದೆಹಾಲನ್ನೂ ಕೊಟ್ಟಿರಲಿಲ್ಲ, ಬರೀ ಕೈಯಿಂದ ಕುಡಿಸಿದ್ದೆ. ಹಾಗಾದರೆ ನನ್ನ ಕೈಯಲ್ಲೂ ನಂಜಿದೆ ಎಂದುಕೊಂಡೆ. ನಿನ್ನನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೂಲಿಗೆ ಹೋದೆ. ಅಕ್ಕ ಹೊಲದಲ್ಲಿದ್ದಳು. ನೀನು ನಿದ್ದೆ ಹೋಗಿದ್ದೆ. ಅವಳ ಹೊರಸಿನ ಮೇಲೆ ವಿಜಯನ ಪಕ್ಕದಲ್ಲಿ ನಿನ್ನನ್ನು ಮಲಗಿಸಿ, ಅವನನ್ನು ನೋಡಿಕೊಳ್ಳುತ್ತಿದ್ದ ನೆರೆಮನೆಯವರಿಗೆ ಹೇಳಿ, ಅವಳು ಬರುವ ಮೊದಲೇ ಬಸ್ಸು ಹತ್ತಿದೆ.

ನೀನು ಆರಾಮಾದ ಮೇಲೆ ಬಂದು ಕರೆದುಕೊಂಡು ಹೋಗು ಎಂದು ಅವಳು ಮೂರು ಸಲ ಹೇಳಿ ಕಳಿಸಿದಳು. ಒಂದು ಸಲ ತಾನೇ ಬಂದಳು. ನಾನು ಒಲ್ಲೆ ಎಂದೆ.

ಅವಳು ನಿನ್ನನ್ನು ಇಟ್ಟುಕೊಳ್ಳಲಿಲ್ಲ, ಉಮಾ. ನಾನು ಬಿಟ್ಟು ಬಂದೆ. ಇದನ್ನು ಓದಿದ ಮೇಲೆ ಮೊದಲು ಹೂಲಿಗೆ ಫೋನ್ ಮಾಡು. ಆಮೇಲೆ ನನಗೆ ಮಾಡಬೇಕೋ ಬೇಡವೋ, ನೀನೇ ನೋಡು. ಈ ಸಲ ಎತ್ತುತ್ತೇನೆ.